ಓದುಗರ ಪ್ರಶ್ನೆ: ಲೆಗೊ ಟೆಕ್ನಿಕ್ ಗಾಡಿಯ ಗೇರು ಏಕೆ ಜಾರುತ್ತದೆ?

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ಲೆಗೊ ಟೆಕ್ನಿಕ್ (ಗೇರು, ಪಿನ್ನುಗಳಿಂದ ಯಂತ್ರದ ಮಾದರಿ ಕಟ್ಟುವ ಪ್ಲಾಸ್ಟಿಕ್ ಆಟಿಕೆ) ಬಿಡಿಭಾಗಗಳಿಂದ, ನಾಲ್ಕೂ ಚಕ್ರಗಳಿಗೆ ಮೋಟರಿನ ಬಲ ಹೋಗುವಂಥ ಜೀಪೊಂದನ್ನು ತಾನೇ ಯೋಚಿಸಿ ಕಟ್ಟಿದ್ದಾನೆ. ಸಮನೆಲದ ಮೇಲೆ ಅದು ಚೆನ್ನಾಗಿ ಓಡುತ್ತದೆ. ಹಲಗೆಯನ್ನು ಓರೆಯಾಗಿಟ್ಟು ಹತ್ತಿಸಿದರೆ ಮಾತ್ರ ಟಕಟಕ ಸದ್ದು ಮಾಡುತ್ತ ನಿಂತುಬಿಡುತ್ತದೆ. ಬಲ ಸಾಲದು, ಇನ್ನೊಂದು ಮೋಟರು ಬೇಕು ಎನ್ನುತ್ತಾನೆ. ಕೊಡಿಸಬೇಕೆ? (ದಾವಣಗೆರೆಯ ಓದುಗರು)

ಉತ್ತರ: ಈಗಲೇ ಕೊಡಿಸಬೇಡಿ. ಬಲ ಸಾಲದ ಮೋಟರು ಸದ್ದಿಲ್ಲದೆ ನಿಂತುಬಿಡುತ್ತದೆ. ಟಕಟಕ ಸದ್ದು ಬರುತ್ತಿದೆಯೆಂದರೆ ಮೋಟರು ಇನ್ನೂ ತಿರುಗುತ್ತಿದೆ, ಆದರೆ ಎಲ್ಲೋ ಒಂದು ಗೇರಿನ ಹಲ್ಲು ಪಕ್ಕದ ಗೇರಿನ ಹಲ್ಲನ್ನು ಹತ್ತಿ ಜಾರುತ್ತಿದೆ ಎಂದರ್ಥ. (ಅತಿ ಭಾರ ಬಿದ್ದಾಗ ಬೇಕೆಂದೇ ಜಾರುವಂತೆ ಮಾಡಿದ 24 ಹಲ್ಲಿನ ಕ್ಲಚ್ ಗೇರನ್ನು ನಡುವೆ ಕೂರಿಸಿದ್ದಾನೆಯೇ ಎಂದು ಮೊದಲು ನೋಡಿಕೊಳ್ಳಲಿ.) ಇನ್ನೊಂದು ಮೋಟರು ಸೇರಿಸಿದರೆ ಹಲ್ಲುಗಳು ಇನ್ನಷ್ಟು ಜೋರಾಗಿ ಜಾರುತ್ತವೆ, ಅಷ್ಟೆ.

ಜಾರುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು. ಮೊದಲನೆಯದು ಚೌಕಟ್ಟಿನ ಸಡಿಲ. ಲೆಗೊ ಬೀಮಿನ, ಅಂದರೆ ಸಾಲು ರಂಧ್ರಗಳಿರುವ ಪಟ್ಟಿಯ, ರಂಧ್ರಗಳ ನಡುವಿನ ಅಂತರ 8 ಮಿಲಿಮೀಟರ್. ಎರಡು ಗೇರುಗಳ ಹಲ್ಲುಗಳನ್ನು ಕೂಡಿಸಿ 16ರಿಂದ ಭಾಗಿಸಿದರೆ ಅವುಗಳ ಆಕ್ಸಲ್‌ಗಳು (ಗೇರು ಕೂರುವ ಕಡ್ಡಿಗಳು) ಎಷ್ಟು ರಂಧ್ರಗಳ ದೂರದಲ್ಲಿರಬೇಕು ಎಂಬುದು ಸಿಗುತ್ತದೆ. 8 ಮತ್ತು 24 ಹಲ್ಲಿನ ಜೋಡಿಗೆ ಎರಡು, 8 ಮತ್ತು 40ರ ಜೋಡಿಗೆ ಮೂರು. ಲೆಕ್ಕ ಸರಿಯಿದ್ದರೂ, ಆಕ್ಸಲ್ ಒಂದೇ ಬೀಮಿನ ಆಸರೆಯಲ್ಲಿ ಚಾಚಿಕೊಂಡಿದ್ದರೆ ಭಾರ ಬಿದ್ದೊಡನೆ ಅದು ಬಾಗಿ ಗೇರುಗಳು ಒಂದರಿಂದೊಂದು ದೂರ ಸರಿಯುತ್ತವೆ. ಆದ್ದರಿಂದ ಪ್ರತಿ ಗೇರಿನ ಎರಡೂ ಪಕ್ಕದಲ್ಲಿ ಬೀಮಿನ ಆಸರೆ ಇರಲಿ, ಚೌಕಟ್ಟಿಗೆ ಓರೆಕಟ್ಟು ಇರಲಿ. ಮನೆಯ ಪಾಯ ಗುರುತಿಸುವಾಗ ಗಾರೆ ಕೆಲಸದವರು ಮೂಲೆಮಟ್ಟ ನೋಡಲು ಮೂರು, ನಾಲ್ಕು, ಐದು ಅಡಿಯ ಲೆಕ್ಕ ಹಿಡಿಯುತ್ತಾರಲ್ಲ, ಇಲ್ಲಿಯೂ ಅದೇ ಲೆಕ್ಕ. 7, 9 ಮತ್ತು 11 ರಂಧ್ರದ ಬೀಮುಗಳನ್ನು ತುದಿಗೆ ತುದಿ ಪಿನ್ ಹಾಕಿ ಜೋಡಿಸಿದರೆ ಕರಾರುವಾಕ್ಕಾದ ಲಂಬಕೋನ ಬರುತ್ತದೆ. ಎಣಿಸಬೇಕಾದ್ದು ರಂಧ್ರಗಳನ್ನಲ್ಲ, ನಡುವಿನ ಅಂತರಗಳನ್ನು: 6, 8, 10. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಎರಡನೆಯ ಕಾರಣ, ವೇಗ ತಗ್ಗಿಸುವ ಗೇರುಗಳನ್ನು ಮೋಟರಿನ ಬಾಯಲ್ಲೇ ಇಡುವುದು. 8 ಹಲ್ಲಿನ ಗೇರು 24 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರನೆಯ ಒಂದಕ್ಕೆ ಇಳಿದು ತಿರುಚುವ ಬಲ ಸುಮಾರು ಮೂರು ಪಟ್ಟಾಗುತ್ತದೆ. ಆ ಮೂರು ಪಟ್ಟು ಬಲವನ್ನು ಅಲ್ಲಿಂದ ಮುಂದಿನ ಉದ್ದನೆಯ ಶಾಫ್ಟು, ಕೀಲು, ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುವಂತೆ ಮಾಡುವ ಡಿಫರೆನ್ಶಿಯಲ್‌ಗಳೆಲ್ಲವೂ ಹೊರಬೇಕಾಗುತ್ತದೆ. ಅದರ ಬದಲು ಶಾಫ್ಟು ವೇಗವಾಗಿಯೇ ತಿರುಗಲಿ, ತಗ್ಗಿಸುವ ಕೆಲಸ ಚಕ್ರದ ಬಳಿ ಆಗಲಿ. ಟ್ರ್ಯಾಕ್ಟರಿನಲ್ಲಿಯೂ ಡಿಫರೆನ್ಶಿಯಲ್ ದಾಟಿದ ಮೇಲೆ ಹಿಂದಿನ ಚಕ್ರದ ಕಡೆಗೆ ಇನ್ನೊಂದು ಸುತ್ತು ವೇಗ ತಗ್ಗುತ್ತದೆ. 2011ರಲ್ಲಿ ಬಂದ ಲೆಗೊದ ಯೂನಿಮಾಗ್ ಲಾರಿಯ ಮಾದರಿಯಲ್ಲಿ ಚಕ್ರದ ಗುಂಬದೊಳಗೇ ಗೇರುಗಳಿವೆ. ಇದರಿಂದ ಆಕ್ಸಲ್ ನೆಲದಿಂದ ಮೇಲಕ್ಕೆದ್ದು ಕಲ್ಲುಮಣ್ಣಿಗೆ ತಾಗುವುದೂ ತಪ್ಪುತ್ತದೆ. ಅದರ ಚಿತ್ರವನ್ನು ಮಗನಿಗೆ ತೋರಿಸಿ. ಮುಂದಿನದನ್ನು ಅವನೇ ಹುಡುಕಿಕೊಳ್ಳುತ್ತಾನೆ.

ಪ್ರಶ್ನೆ: ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಮೊಮ್ಮಗನ ಗಾಡಿ ಕಟ್ಟುತ್ತ ನನಗೇ ಅದರ ರುಚಿ ಹತ್ತಿದೆ. ಮನೆಯವರು ನಗುತ್ತಾರೆ. ಇದು ಮಕ್ಕಳ ಆಟಿಕೆಯಷ್ಟೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಅಲ್ಲ. ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಲೆಗೊ ಸಂಸ್ಥೆ 1977ರಲ್ಲಿ ಯಾಂತ್ರಿಕ ಮಾದರಿಗಳ ಸರಣಿಯನ್ನು ಆರಂಭಿಸಿದಾಗಲೇ, ಮೈಹೊದಿಕೆಯಿಲ್ಲದ ಕಾರಿನ ಚಾಸಿಯೊಂದನ್ನು ಹೊರತಂದಿತು. ಅದರ ಸ್ಟೀರಿಂಗ್ ತಿರುಗಿಸಿದರೆ ರ‍್ಯಾಕ್ (ಹಲ್ಲುಗಳಿರುವ ಪಟ್ಟಿ) ಅತ್ತಿತ್ತ ಸರಿದು ಮುಂದಿನ ಚಕ್ರಗಳು ಹೊರಳುತ್ತಿದ್ದವು. ಗಾಡಿಯನ್ನು ತಳ್ಳಿದರೆ ನಾಲ್ಕು ಪಿಸ್ಟನ್‌ಗಳು ಏರಿಳಿಯುತ್ತಿದ್ದವು. 1980ರ ಚಾಸಿಯಲ್ಲಿ ಡಿಫರೆನ್ಶಿಯಲ್ ಬಂತು. 1994ರ ಸೂಪರ್ ಕಾರಿನ ಹೊತ್ತಿಗೆ ನಾಲ್ಕು ಚಕ್ರಕ್ಕೂ ಬಲ, ನಾಲ್ಕು ಚಕ್ರಕ್ಕೂ ಸ್ಟೀರಿಂಗ್, ನಾಲ್ಕು ಹಂತದ ಗೇರ್‌ಬಾಕ್ಸ್ ಒಂದೇ ಮಾದರಿಯೊಳಗೆ ಕೂಡಿಕೊಂಡವು. ನಮ್ಮಲ್ಲಿ ನಟ್ಟು ಬೋಲ್ಟಿನ ಮೆಕ್ಯಾನಿಕ್ಸ್ ಸೆಟ್ಟು ಜೋಡಿಸಿ ಬೆಳೆದವರಿಗೆ ಈ ಸಂತೋಷ ಹೊಸದೇನಲ್ಲ.

ನೀವು ಒಂದು ಕೆಲಸ ಮಾಡಿ. ಡಿಫರೆನ್ಶಿಯಲ್‌ನ ಹೊರಚೌಕಟ್ಟನ್ನು ಬೆರಳಿನಿಂದ ಹಿಡಿದುಕೊಂಡು ಎಡಚಕ್ರವನ್ನು ಮುಂದಕ್ಕೆ ತಿರುಗಿಸಿ ಮೊಮ್ಮಗನಿಗೆ ತೋರಿಸಿ: ಬಲಚಕ್ರ ಅಷ್ಟೇ ಹಿಂದಕ್ಕೆ ತಿರುಗುತ್ತದೆ. ಆಮೇಲೆ ಬಲಚಕ್ರವನ್ನು ಹಿಡಿದು ಚೌಕಟ್ಟನ್ನು ಒಂದು ಸುತ್ತು ತಿರುಗಿಸಿದರೆ ಎಡಚಕ್ರ ಎರಡು ಸುತ್ತು ಸುತ್ತುತ್ತದೆ. ಬಸ್ಸಿನ ಒಂದು ಚಕ್ರ ಕೆಸರಿನಲ್ಲಿ ಹೂತಾಗ ಅದೊಂದೇ ಗಿರಗಿರನೆ ತಿರುಗುವುದೇಕೆ ಎಂಬುದನ್ನು ಅಂಗೈಯಲ್ಲಿಟ್ಟು ವಿವರಿಸಲು ನಿಮಗಿಂತ ತಕ್ಕವರು ಯಾರಿದ್ದಾರೆ?

ಪ್ರಶ್ನೆ: ನಾನು ಅಗೆಯುವ ಯಂತ್ರಗಳ ಮಾದರಿಗಳನ್ನು ಕಟ್ಟುತ್ತೇನೆ. ಗೆಳೆಯರ ಬಳಗದಲ್ಲಿ ತೋರಿಸಿದರೆ ‘ಚೆನ್ನಾಗಿದೆ’ ಎಂಬ ಮಾತಿನಾಚೆಗೆ ಚರ್ಚೆ ಬೆಳೆಯುವುದಿಲ್ಲ. ಏನು ಮಾಡಲಿ? (ಮೈಸೂರಿನ ಓದುಗರು)

ಉತ್ತರ: ಮಾದರಿಯನ್ನು ಮಗುಚಿ ತೋರಿಸಿ. ಒಮ್ಮೆ ನನ್ನ ಟಿಪ್ಪರ್ ಲಾರಿ ಮೋಟರು ಹಾಕಿದೊಡನೆ ನಿಂತಲ್ಲೇ ನಡುಗುತ್ತಿತ್ತು. ಮೇಲಿನಿಂದ ತೆಗೆದ ಅಂದವಾದ ಫೋಟೊಗಳನ್ನು ಎಷ್ಟು ಜನ ನೋಡಿದರೂ ಕಾರಣ ಸಿಗಲಿಲ್ಲ. ಗೆಳತಿಯೊಬ್ಬರು ಹೊಟ್ಟೆಯ ಭಾಗವನ್ನು ತೋರಿಸಿ ಎಂದರು, ನೋಡಿದ ಕ್ಷಣವೇ ತಪ್ಪು ಹಿಡಿದರು. ಉದ್ದನೆಯ ಶಾಫ್ಟಿನ ಒಂದೇ ಪಕ್ಕದಲ್ಲಿ ಮುಂದಿನ ಮತ್ತು ಹಿಂದಿನ ಡಿಫರೆನ್ಶಿಯಲ್‌ಗಳ ದೊಡ್ಡ ಗೇರುಗಳನ್ನು ಕೂರಿಸಿದ್ದೆ. ಹಾಗಾಗಿ ಮುಂದಿನ ಚಕ್ರಗಳು ಮುಂದಕ್ಕೂ ಹಿಂದಿನವು ಹಿಂದಕ್ಕೂ ಎಳೆಯುತ್ತಿದ್ದವು. ಒಂದನ್ನು ಬಿಚ್ಚಿ ಆಚೆ ಪಕ್ಕಕ್ಕೆ ತಿರುಗಿಸಿ ಹಾಕಿದ ಮೇಲೆ ಲಾರಿ ಓಡಿತು.

ಆದ್ದರಿಂದ ಮೋಟರಿನಿಂದ ಚಕ್ರದವರೆಗೆ ಯಾವ ಗೇರಿಗೆ ಎಷ್ಟು ಹಲ್ಲು ಎಂಬುದನ್ನು ಸಾಲಾಗಿ ಬರೆದು ತೋರಿಸಿ, ಯಾವ ಭಾಗ ನಿಮಗೆ ತೃಪ್ತಿ ಕೊಟ್ಟಿಲ್ಲ ಎಂಬುದನ್ನೂ ಹೇಳಿ. ‘ತೋಳು ಮೇಲೇರುತ್ತದೆ, ಆದರೆ ಬಕೆಟ್ ತುಂಬಿದಾಗ ತಾನಾಗಿ ಕುಸಿಯುತ್ತದೆ’ ಎಂದು ನೀವು ಹೇಳಿದರೆ, ತಿರುಪಿನಂತಿರುವ ವರ್ಮ್ ಗೇರು ಹಾಕಿ ನೋಡಿ, ಭಾರದ ಕಡೆಯಿಂದ ಅದು ಹಿಂದಕ್ಕೆ ತಿರುಗುವುದಿಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇರೆಯವರ ವಿನ್ಯಾಸದಿಂದ ಪಡೆದುಕೊಂಡದ್ದು ಏನಾದರೂ ಇದ್ದರೆ ಅವರ ಹೆಸರನ್ನು ಮೊದಲೇ ಹೇಳಿಬಿಡಬೇಕು. ಈ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ.

ಪ್ರಶ್ನೆ: ಧೂಳು ಹಿಡಿದ ಮಾದರಿಯನ್ನು ತೊಳೆಯಬಹುದೆ? (ಶಿವಮೊಗ್ಗದ ಓದುಗರು)

ಉತ್ತರ: ಮೋಟರು, ಬ್ಯಾಟರಿ ಪೆಟ್ಟಿಗೆಗಳನ್ನು ತೆಗೆದಿಟ್ಟು, ಉಳಿದ ಭಾಗಗಳನ್ನು ಬಿಚ್ಚಿ, 40 ಡಿಗ್ರಿ ಸೆಲ್ಸಿಯಸ್ ಮೀರದ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಕೈಯಿಂದ ತೊಳೆಯಿರಿ. ನೆರಳಿನಲ್ಲಿ ಒಣಗಿಸಿ. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಬಿಳಿ ಮತ್ತು ಬೂದು ಬಣ್ಣದ ತುಂಡುಗಳು ಕ್ರಮೇಣ ಹಳದಿಗಟ್ಟುತ್ತವೆ.