ಮುಂದಿನ ಸ್ಟ್ರಟ್ ಒಂದೇ ಹಾಕಿಸ್ಲಾ, ಎರಡೂನಾ?

ಪ್ರಶ್ನೆ: ನಂದು 2014ರ ಸ್ವಿಫ್ಟ್ ಡೀಸಲ್. ಮುಂದಿನ ಎಡಗಡೆ ಸ್ಟ್ರಟ್‌ನಿಂದ (ಸ್ಪ್ರಿಂಗ್ ಜೊತೆಗಿರೋ ಶಾಕ್ ಅಬ್ಸಾರ್ಬರ್) ಆಯಿಲ್ ಇಳೀತಿದೆ, ಹಂಪ್ ಹತ್ತಿದ್ರೆ ಟಕ್ ಟಕ್ ಸದ್ದು ಬೇರೆ. ಒಂದೇ ಹಾಕಿಸಿದ್ರೆ ಸಾಕಾ? ಯಾವ ಕಂಪನಿದು ತಗೊಳ್ಲಿ?
– ಓದುಗರು, ಮೂಡಿಗೆರೆ

ಉತ್ತರ: ಒಂದೇ ಹಾಕಿಸ್ಬೇಡಿ, ದಯವಿಟ್ಟು. ಒಂದು ಕಡೆ ಹೊಸದು ಇನ್ನೊಂದು ಕಡೆ ಸವೆದಿದ್ದು ಇದ್ರೆ ಬ್ರೇಕ್ ಹೊಡೆದಾಗ, ಘಾಟಿ ತಿರುವಲ್ಲಿ ಎರಡು ಕಡೆನೂ ಬೇರೆ ಬೇರೆ ಥರ ವರ್ತಿಸುತ್ತೆ. ಕಂಪನಿ ಒರಿಜಿನಲ್ ಆಗ್ಲಿ, ಗೇಬ್ರಿಯಲ್, ಕೆವೈಬಿ, ಮನ್ರೋ ಆಗ್ಲಿ ನಡೆಯುತ್ತೆ, ಆದ್ರೆ ಆರ್‌ಸಿ ತೋರಿಸಿ ನಿಮ್ಮ ಮಾಡೆಲ್‌ಗೆ, ಡೀಸಲ್‌ಗೆ ಸರಿಹೊಂದೋ ಪಾರ್ಟ್ ನಂಬರೇ ನೋಡಿ ತಗೊಳ್ಳಿ, ಎಡ ಬಲ ಬೇರೆ ಬೇರೆ ಇರುತ್ತೆ ಅದೂ ನೆನಪಿರ್ಲಿ.

ಆ ಟಕ್ ಟಕ್ ಸದ್ದು ಸ್ಟ್ರಟ್‌ದೇ ಅಂತ ಹೇಳಕ್ಕಾಗಲ್ಲ, ಮೇಲಿನ ಮೌಂಟ್ ರಬ್ಬರೋ (ಸ್ಟ್ರಟ್‌ನ ಬಾಡಿಗೆ ಕೂರಿಸೋದು) ಸ್ಟೆಬಿಲೈಸರ್ ಲಿಂಕೋ (ತಿರುವಲ್ಲಿ ಗಾಡಿ ವಾಲದ ಹಾಗೆ ತಡೆಯೋ ರಾಡ್‌ನ ಕೊಂಡಿ) ಹೋಗಿರಬಹುದು. ಹೇಗೂ ಬಿಚ್ಚುತ್ತಾರಲ್ಲ, ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಗ್ಗಿದಾಗ ತಡೆಯೋ ರಬ್ಬರ್), ಡಸ್ಟ್ ಕವರ್ ಎಲ್ಲಾ ಹೊಸದೇ ಹಾಕಿಸಿಬಿಡಿ, ಇಲ್ಲಾಂದ್ರೆ ಅದೇ ಲೇಬರ್ ಮತ್ತೆ ಕೊಡ್ಬೇಕಾಗುತ್ತೆ. ಸ್ಪ್ರಿಂಗ್ ಬಿರುಕು ಬಿಟ್ಟಿಲ್ಲ, ಕುಸಿದಿಲ್ಲ ಅಂದ್ರೆ ಹಳೇದೇ ಸಾಕು.

ಮನೇಲೇ ಮಾಡ್ತೀನಿ ಅನ್ನೋರಿಗೆ ಒಂದು ಮಾತು. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್‌ನ ಒತ್ತಿ ಹಿಡಿಯೋ ಸಾಧನ) ಹಾಕಿ ಬಿಗಿಯಾಗಿ ಒತ್ತದೆ ಮೇಲಿನ ನಡು ನಟ್ ಬಿಚ್ಚಲೇಬೇಡಿ, ಒತ್ತಡದಲ್ಲಿರೋ ಸ್ಪ್ರಿಂಗ್ ಸಿಡಿದ್ರೆ ಜೀವಕ್ಕೇ ಅಪಾಯ. ಬ್ರೇಕ್ ಹೋಸ್ ಮೇಲೆ ಭಾರ ಬೀಳದ ಹಾಗೆ ಚಕ್ರದ ಹಬ್‌ನ ಕಟ್ಟಿಡಿ, ಬೋಲ್ಟ್‌ಗಳನ್ನ ಟಾರ್ಕ್ ರೆಂಚಲ್ಲೇ (ಎಷ್ಟು ಬಿಗಿ ಅಂತ ಅಳತೆ ತೋರಿಸೋ ಸ್ಪ್ಯಾನರ್) ಬಿಗಿ ಮಾಡಿ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲಾಂದ್ರೆ ಟೈರ್ ಒಂದೇ ಕಡೆ ಸವೆಯುತ್ತೆ.