ಪದ್ಯವಿಲ್ಲದ ಅರ್ಥ

ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ, ಬರೆಯಲು ಅವರ ಒಪ್ಪಿಗೆಯೂ ಇದೆ. ಹೆಸರು ಗಣಪತಿ ಎಂದಿಟ್ಟುಕೊಳ್ಳೋಣ. ಉತ್ತರ ಕನ್ನಡದಲ್ಲಿ ಆ ಹೆಸರು ಹಿಡಿದು ಯಾರನ್ನೂ ಹುಡುಕಲಾಗದು.

ವಯಸ್ಸು ಮೂವತ್ತರ ಆಚೀಚೆ. ಊರು ಘಟ್ಟದ ಕೆಳಗೆ, ಹೊನ್ನಾವರದ ಕಡೆ. ಕೆಲಸ ಶಿರಸಿ ಸೀಮೆಯ ಒಂದು ಸಹಕಾರಿ ಸಂಸ್ಥೆಯಲ್ಲಿ, ಅಡಿಕೆ ಗೋದಾಮಿನ ಉಸ್ತುವಾರಿ. ಬಂದದ್ದು ಆತ್ಮವಿಶ್ವಾಸ ಇಲ್ಲ ಎಂಬ ದೂರು ಹೊತ್ತು. ಆಡಳಿತ ಮಂಡಳಿಯ ಸಭೆಯ ಹಿಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ. ಸಭೆ ಮುಗಿದ ಮೇಲೆ ಎರಡು ದಿನ ಯಾರ ಜೊತೆಗೂ ಮಾತು ಬೇಡ. ಮೂರು ವರ್ಷದಲ್ಲಿ ಇವರು ಸೂಚಿಸಿದ ಒಂದು ಸಂಗತಿಯೂ ನಡೆದಿಲ್ಲ. ಅಧ್ಯಕ್ಷರು ಪ್ರತಿ ಸಲವೂ "ನೋಡ್ವ" ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ನೋಡ್ವ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಬ್ಯಾಂಕಿನ ಫೀಲ್ಡ್ ಆಫೀಸರು, ಕಾರವಾರದ ನರ್ಸು, ಗುತ್ತಿಗೆದಾರರ ಕೈಕೆಳಗಿನ ಕಿರಿಯ ಎಂಜಿನಿಯರು, ಹೀಗೆ ಬೇರೆ ಬೇರೆಯವರು ಇದೇ ದೂರು ತರುತ್ತಾರೆ: "ನನ್ನ ಮಾತಿಗೆ ಬೆಲೆ ಇಲ್ಲ." ಇದನ್ನು ಬರೆಯಲು ಕಾರಣ ಅದು.

ಮೊದಲ ಎರಡು ಭೇಟಿಗಳಲ್ಲಿ ಮಾತಿನ ರೀತಿಯ ವಿಷಯ ಎತ್ತಲಿಲ್ಲ. ನಿದ್ದೆ, ಹಸಿವು, ಬದುಕು ಸಾಕೆನಿಸುವ ಯೋಚನೆ ಇವುಗಳನ್ನೇ ಕೇಳಿದ್ದು. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಹಿಂದಿನ ಎರಡು ವಾರದ ಬಗ್ಗೆ 9 ಪ್ರಶ್ನೆಗಳಿವೆ, ಒಟ್ಟು ಅಂಕ 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಬಳಿ ಕಳಿಸಿಯೇ ಮುಂದಿನ ಮಾತು. ಇವರದು 7. ಆದರೂ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದು ಕೊಟ್ಟೆ, ನಡುರಾತ್ರಿ ಬೇಕಾದರೆ ಇರಲಿ ಎಂದು. ಇಷ್ಟನ್ನು ಹೇಳುವುದಕ್ಕೆ ಕಾರಣವಿದೆ. ಕೆಲಸದ ಜಾಗದ ಪ್ರತಿಯೊಂದು ಬೇಸರವೂ ಮಾತಿನ ದೋಷದಿಂದ ಹುಟ್ಟಿದ್ದಲ್ಲ. ಖಿನ್ನತೆ ಇರುವವರಿಗೆ ಭಾಷಣ ಕಲಿಸಲು ಹೋದರೆ ಅವರ ತಲೆಯ ಮೇಲೆ ಇನ್ನೊಂದು ಸೋಲು ಹೊರಿಸಿದಂತೆ.

ಮೂರನೆಯ ಭೇಟಿಗೆ, ಸಭೆಗೆ ಕೊಟ್ಟಿದ್ದ ಟಿಪ್ಪಣಿಯನ್ನು ತರಲು ಹೇಳಿದ್ದೆ. ನಾಲ್ಕು ಪುಟ ಇತ್ತು. ಓದುವುದು ಬೇಡ, ಅಲ್ಲಿ ಹೇಗೆ ಹೇಳಿದಿರೋ ಹಾಗೇ ಹೇಳಿ ಎಂದೆ. ಗೋದಾಮು ಕಟ್ಟಿದ ವರ್ಷದಿಂದ ಶುರುವಾಯಿತು. ಆಗ ಪಡುವಣ ಗೋಡೆಯ ಗಿಲಾವು ಅರ್ಧಕ್ಕೇ ನಿಂತದ್ದು, ಮಳೆಗಾಲದ ಗಾಳಿ ನೇರ ಆ ಗೋಡೆಗೇ ಬಡಿಯುವುದು, ತೇವ ಗೋಣಿಯ ಮೂಲಕ ಚಾಲಿ ಅಡಿಕೆಗೆ ಇಳಿಯುವ ಬಗೆ, ಹಿಂದಿನ ಉಸ್ತುವಾರಿಯವರು ಚೀಲಗಳನ್ನು ಗೋಡೆಗೆ ಒತ್ತಿ ಒಟ್ಟಿಸಿದ್ದು, ಪ್ಲಾಸ್ಟಿಕ್ ಪ್ಯಾಲೆಟ್ಟಿನ ದರ, ಮರದ್ದಾದರೆ ಅದರ ದರ. ಭಾಷೆ ಸೊಗಸಾಗಿತ್ತು, ಎಲ್ಲಿಯೂ ತಡವರಿಕೆ ಇರಲಿಲ್ಲ. ಹನ್ನೆರಡನೆಯ ನಿಮಿಷಕ್ಕೆ ಬೇಡಿಕೆ ಬಂತು: ಚೀಲಗಳನ್ನು ಗೋಡೆಯಿಂದ ಎರಡು ಅಡಿ ಈಚೆ ತಂದು, ತಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸಬೇಕು. ಹದಿನಾಲ್ಕನೆಯ ನಿಮಿಷಕ್ಕೆ "ಆಗದಿದ್ದರೂ ತೊಂದರೆಯಿಲ್ಲ, ತಮ್ಮ ಗಮನಕ್ಕೆ ತಂದೆ ಅಷ್ಟೆ" ಎಂದು ಮುಗಿಸಿದರು.

ಇಷ್ಟು ಚೆಂದ ಮಾತಾಡಲು ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಮುಖ ಅರಳಿತು. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಾರಂತೆ, ಹತ್ತು ವರ್ಷದಿಂದ. ಆತ್ಮವಿಶ್ವಾಸ ಇಲ್ಲ ಎಂದು ಬಂದ ಮನುಷ್ಯ ತುಂಬಿದ ಸಭೆಯಲ್ಲಿ ಚೀಟಿ ಹಿಡಿಯದೆ ಅರ್ಧ ಗಂಟೆ ವಾದ ಮಾಡಬಲ್ಲವರು! ಎರಡು ಭೇಟಿ ಕಳೆದರೂ ಇದು ಹೊರಬಂದಿರಲಿಲ್ಲ. ಕೇಳಿದರಲ್ಲವೆ ಹೊರಬರುವುದು.

"ಅಲ್ಲಿ ನೀವು ಬಾಯಿ ತೆರೆಯುವ ಮೊದಲು ಏನಾಗುತ್ತದೆ?"

"ಭಾಗವತರು ಪದ್ಯ ಹೇಳ್ತಾರೆ."

"ಪದ್ಯದಲ್ಲಿ ಏನಿರುತ್ತದೆ?"

"ಎಲ್ಲಾ ಅದರಲ್ಲೇ ಇರ್ತದೆ. ಯಾರು ಯಾರಿಗೆ ಏನು ಹೇಳ್ತಾ ಇದ್ದಾರೆ ಅನ್ನೋದು. ನಾವು ಅದನ್ನ ಬೆಳೆಸೋದು ಅಷ್ಟೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಟಿಪ್ಪಣಿ ಮಗುಚಿ ಮೂರನೆಯ ಪುಟಕ್ಕೆ ಹೋದರು. ಬೇಡಿಕೆಯ ಸಾಲಿನ ಕೆಳಗೆ ಉಗುರಿನಿಂದ ಗೀರಿದರು. "ಹಂಗಾದ್ರೆ ನಾನು ಇಷ್ಟು ದಿನ ಪದ್ಯ ಇಲ್ದೇ ಅರ್ಥ ಹೇಳಿದ್ದು."

ಉಳಿದ ಭೇಟಿಗಳೆಲ್ಲ ಆ ಮಾತಿನ ವಿಸ್ತರಣೆ.

ಅರ್ಥಧಾರಿಯ ಪೀಠಿಕೆ ಎಷ್ಟೇ ಉದ್ದವಾದರೂ ಕೇಳುಗ ದಾರಿ ತಪ್ಪುವುದಿಲ್ಲ. ಪದ್ಯ ಕಿವಿಗೆ ಬಿದ್ದಾಗಿದೆ, ಕಥೆ ಮೊದಲೇ ಗೊತ್ತಿದೆ. ಆದ್ದರಿಂದ ಹೇಳಿದ ಪ್ರತಿಯೊಂದು ಮಾತನ್ನೂ ಎಲ್ಲಿ ಕೂರಿಸಬೇಕೆಂದು ಅವನಿಗೆ ತಿಳಿಯುತ್ತದೆ. ಮಂಡಳಿಯ ಸದಸ್ಯರಿಗೆ ಆ ಅನುಕೂಲವಿಲ್ಲ. ಗಿಲಾವಿನ ಕಥೆ ಕೇಳುವಾಗ ಇದು ರಿಪೇರಿಗೆ ದುಡ್ಡು ಕೇಳುವ ಪೀಠಿಕೆ ಎಂದು ಒಬ್ಬರು ಊಹಿಸುತ್ತಾರೆ, ಹಿಂದಿನವರ ಮೇಲೆ ದೂರು ಎಂದು ಇನ್ನೊಬ್ಬರು. ಮನಸ್ಸು ಒಂದೇ ಸಲಕ್ಕೆ ಹಿಡಿದಿಡುವುದು ನಾಲ್ಕೈದು ಸಂಗತಿ ಮಾತ್ರ, ಅದೂ ಅವು ಯಾಕೆ ಬೇಕು ಎಂದು ತಿಳಿದಿದ್ದರೆ. ಹನ್ನೆರಡನೆಯ ನಿಮಿಷಕ್ಕೆ ಬೇಡಿಕೆ ಬರುವ ಹೊತ್ತಿಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಊಹೆಗೆ ಉತ್ತರ ಸಿದ್ಧಮಾಡಿಕೊಂಡು ಕೂತಿರುತ್ತಾರೆ.

ಹೇಳುವವನಿಗೆ ಇದು ಕಾಣುವುದಿಲ್ಲ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದ್ದರು. ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಒಬ್ಬರು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಎದುರಿನವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆಂದು ಕುಟ್ಟಿದವರ ಅಂದಾಜು. 120ರಲ್ಲಿ ಗುರುತು ಸಿಕ್ಕಿದ್ದು 3. ಕುಟ್ಟುವವರ ತಲೆಯೊಳಗೆ ಹಾಡು ಕೇಳಿಸುತ್ತಿತ್ತು, ಎದುರಿನವರಿಗೆ ಕೇಳಿಸಿದ್ದು ಬರೀ ಟಕಟಕ. ಮೂರು ಮಳೆಗಾಲ ಆ ಗೋಡೆಯನ್ನು ಮುಟ್ಟಿ ನೋಡಿದ ಗಣಪತಿಗೂ ಹಾಡು ಕೇಳಿಸುತ್ತಿತ್ತು.

ಹಾಗಾಗಿ ಮೊದಲ ಸಲಹೆ ಪದ್ಯ ಕಟ್ಟುವುದು. ಏನು ಮಾಡಬೇಕು, ಯಾವಾಗಿನೊಳಗೆ, ಎಷ್ಟು ಖರ್ಚು, ಯಾಕೆ, ಇಷ್ಟೇ. ಅರ್ಧ ನಿಮಿಷದೊಳಗೆ ಮುಗಿಯಬೇಕು. ಆರು ಸಲ ತಿದ್ದಿದ ಮೇಲೆ ಅವರದು ಹೀಗಾಯಿತು:

"ಮೇ 25ರೊಳಗೆ ಪಡುವಣ ಸಾಲಿನ ಚೀಲಗಳನ್ನು ಗೋಡೆಯಿಂದ ಎರಡು ಅಡಿ ಸರಿಸಿ, ತಳಕ್ಕೆ ದಬ್ಬೆ ಹಾಸಲು ಒಪ್ಪಿಗೆ ಬೇಕು. ನಾಲ್ಕು ಆಳಿಗೆ ಎರಡು ದಿನದ ಕೆಲಸ. ಕಳೆದ ಮಳೆಗಾಲದಲ್ಲಿ ಬೂಸ್ಟು ಹಿಡಿದ 41 ಚೀಲಗಳಲ್ಲಿ 34 ಆ ಸಾಲಿನವು. ಈ ವರ್ಷ ಅದೊಂದೇ ಸಾಲಿಗೆ ಮಾಡಿ, ಸೆಪ್ಟೆಂಬರಿನಲ್ಲಿ ಲೆಕ್ಕ ಒಪ್ಪಿಸುತ್ತೇನೆ."

34 ಎಂಬ ಸಂಖ್ಯೆ ನಾಲ್ಕು ಪುಟದ ಟಿಪ್ಪಣಿಯಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು "ಬಹಳಷ್ಟು ಚೀಲಗಳು" ಎಂದು. ರಿಜಿಸ್ಟರು ತೆಗೆದು ಎಣಿಸಲು ಒಂದು ಸಂಜೆ ಸಾಕಾಯಿತು. ಇಡೀ ಗೋದಾಮು ಬೇಡ, ಒಂದು ಸಾಲು ಸಾಕು ಎಂದು ಬೇಡಿಕೆ ಕುಗ್ಗಿಸಿದ್ದಕ್ಕೆ ಅವರು ಮೊದಲು ಒಪ್ಪಲಿಲ್ಲ. ಸಂಧಾನಕ್ಕೆ ಹೋದ ಕೃಷ್ಣ ಐದೂರಿಗೆ ಇಳಿಯಲಿಲ್ಲವೆ ಎಂದರೆ, "ಅದೂ ಸಿಗ್ಲಿಲ್ವಲ್ಲ" ಅಂದರು. ಸರಿಯೇ. ಚೆನ್ನಾಗಿ ಕೇಳಿದರೆ ಸಿಕ್ಕೇ ಸಿಗುತ್ತದೆಂದು ಯಾರೂ ಮಾತು ಕೊಡಲಾಗದು. ಆದರೆ ಒಂದು ಸಾಲಿನ ಪ್ರಯೋಗ ತಪ್ಪಾದರೆ ಮರಳಿ ಒಟ್ಟಬಹುದು. ಹಿಂದಕ್ಕೆ ಬರಲು ದಾರಿಯಿದೆ ಎಂದು ಕಂಡರೆ ಒಪ್ಪುವವರಿಗೆ ಧೈರ್ಯ ಬರುತ್ತದೆ.

ಎರಡನೆಯದು, ಹಿಂದಿನ ಉಸ್ತುವಾರಿಯವರ ಹೆಸರು ತೆಗೆದುಹಾಕುವುದು. ಗೋಡೆಗೆ ಒತ್ತಿ ಒಟ್ಟಲು ಅಂದು ಒಪ್ಪಿಗೆ ಕೊಟ್ಟ ಇಬ್ಬರು ಸದಸ್ಯರು ಇಂದೂ ಮಂಡಳಿಯಲ್ಲಿದ್ದಾರೆ. ತಾಳಮದ್ದಳೆಯಲ್ಲಿ ಎದುರಾಳಿ ಉತ್ತರವಿಲ್ಲದೆ ತಡವರಿಸಿದರೆ ಕೇಳುಗರಿಗೆ ಹಬ್ಬ. ಇಲ್ಲಿ ಹಾಗೆ ತಡವರಿಸಿದವರೇ ಖರ್ಚಿನ ಚೀಟಿಗೆ ಸಹಿ ಹಾಕಬೇಕಾದವರು. ಇದನ್ನು ಒಪ್ಪಿಕೊಳ್ಳಲು ಗಣಪತಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು. ಒಳ್ಳೆಯ ವಾದಕ್ಕೆ ಅವರು ಹತ್ತು ವರ್ಷ ಚಪ್ಪಾಳೆ ಪಡೆದವರು.

ಮೂರನೆಯದು, ಸಭೆಗೆ ಮೊದಲೇ, ಕೆಲಸ ಮಾಡಬೇಕಾದವರ ಬಳಿ ಹೋಗಿ "ಇದರಲ್ಲಿ ಏನು ಕೆಡುತ್ತದೆ?" ಎಂದು ಕೇಳುವುದು. "ಹೇಗಿದೆ?" ಎಂದು ಕೇಳಬಾರದು, ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಹಮಾಲರ ಮುಕ್ಕಾದಮರು ನಿಂತಲ್ಲೇ ಹೇಳಿದರಂತೆ: ಎರಡು ಅಡಿ ಈಚೆ ಬಂದರೆ ನಡುವಿನ ದಾರಿ ಇಕ್ಕಟ್ಟಾಗುತ್ತದೆ, ಚೀಲ ಹೊತ್ತವನಿಗೆ ಮೂಲೆಯಲ್ಲಿ ತಿರುಗಲು ಬರುವುದಿಲ್ಲ. ನಾಲ್ಕು ಪುಟದಲ್ಲಿ ಇದೂ ಇರಲಿಲ್ಲ. ಸಾಲಿನ ಕೊನೆಯ ಒಂದು ಒಟ್ಟಿಲನ್ನು ತೆಗೆದು ಹಳೆ ತಕ್ಕಡಿ ಇದ್ದ ಜಾಗಕ್ಕೆ ಹಾಕಿದರೆ ತಿರುವು ಸಿಗುತ್ತದೆಂದು ಅವರೇ ದಾರಿ ತೋರಿಸಿದರು.

ಬರಹಕ್ಕೂ ಇದೇ ಕ್ರಮ. ಶಾಲೆಯಲ್ಲಿ ಕಲಿಸಿದ ಅರ್ಜಿಯ ಧಾಟಿ ನಮ್ಮನ್ನು ನಿವೃತ್ತಿಯವರೆಗೂ ಬಿಡುವುದಿಲ್ಲ. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಒಂದಿಡೀ ಸಾಲು, ಅದರಲ್ಲಿ ಸುದ್ದಿಯೇ ಇಲ್ಲ. ಮೇಲ್ಕಾಣಿಸಿದ ವಿಷಯವಾದರೂ ಏನು? "ಗೋದಾಮಿನ ಕುರಿತು." ಅದರ ಬದಲು ವಿಷಯದ ಸಾಲಿನಲ್ಲೇ "ಪಡುವಣ ಸಾಲಿನ ಚೀಲ ಸರಿಸಲು ಒಪ್ಪಿಗೆ ಕೋರಿ" ಎಂದಿದ್ದರೆ ಕೆಳಗೆ ಓದದವರಿಗೂ ಮುಖ್ಯ ಸಂಗತಿ ತಲುಪಿರುತ್ತದೆ. ಕಾಗದ ಅರ್ಧ ಪುಟ ಸಾಕು. ಗಿಲಾವಿನ ಇತಿಹಾಸ, ದರಪಟ್ಟಿ ಎಲ್ಲ ಹಿಂದೆ ಲಗತ್ತಾಗಿ ಇರಲಿ, ಕೇಳಿದವರಿಗೆ ತೆಗೆದು ತೋರಿಸಬಹುದು. ವಾಟ್ಸಾಪಿನಲ್ಲಿ ಮೂರು ನಿಮಿಷದ ಧ್ವನಿಸಂದೇಶ ಮಾತ್ರ ಬೇಡವೇ ಬೇಡ.

ಕೊನೆಯದು, ಕೇಳಿದ ಮೇಲೆ ಬಾಯಿ ಮುಚ್ಚುವುದು. ಮನಸ್ಸಿನಲ್ಲಿ ಏಳರವರೆಗೆ ಎಣಿಸಿ ಎಂದೆ. ಸಭೆಯ ಮೌನ ತಡೆಯಲಾರದೆ ನಾವೇ ನಮ್ಮ ಬೇಡಿಕೆಯ ಕಾಲು ಮುರಿಯುತ್ತೇವೆ. "ಆಗದಿದ್ದರೂ ತೊಂದರೆಯಿಲ್ಲ" ಎಂಬುದು ಹುಟ್ಟುವುದು ಆ ಮೌನದಲ್ಲೇ. ಅವರು ಕೋಣೆಯಲ್ಲಿ ಮೊದಲ ಸಲ ಅಭ್ಯಾಸ ಮಾಡಿದಾಗ ಮೂರಕ್ಕೇ ಬಾಯಿ ತೆರೆದರು.

ಬಂದ ಕೂಡಲೇ ವಿಷಯಕ್ಕೆ ಕೈ ಹಾಕುವುದು ನಮ್ಮಲ್ಲಿ ಮರ್ಯಾದೆಯಲ್ಲ ಎಂದು ಅವರ ಆಕ್ಷೇಪವಿತ್ತು. ಬಂದವರಿಗೆ ಬೆಲ್ಲ ನೀರು ಕೊಟ್ಟು, ಕವಳದ ತಟ್ಟೆ ಸರಿಸಿ, ಮಳೆ ಬೆಳೆ ಮಾತಾಡಿ, ಆಮೇಲೆ "ಮತ್ತೆ ವಿಶೇಷ?" ಎಂದು ಕೇಳುವ ಸೀಮೆ ಇದು. ಆ ಕ್ರಮ ನನಗೂ ಇಷ್ಟವೇ. ಆದರೆ ಉಪಚಾರ ಮನುಷ್ಯರಿಗೆ ಸಲ್ಲಬೇಕಾದ್ದು. ಸಭೆಗೆ ಹತ್ತು ನಿಮಿಷ ಮೊದಲೇ ಹೋಗಿ ಅಧ್ಯಕ್ಷರ ತೋಟದ ಕೊಳೆರೋಗ ವಿಚಾರಿಸಬಹುದು. ಹನ್ನೊಂದು ವಿಷಯಗಳ ಪಟ್ಟಿಯಲ್ಲಿ ಒಂಬತ್ತನೆಯದಾಗಿ ನಿಂತು ಪೀಠಿಕೆ ಹಾಕಿದರೆ ಅದು ಅವರ ಹೊತ್ತು ತಿಂದಂತೆ.

ಆಸ್ಪತ್ರೆಯವರಿಗೆ ಸಲಹೆ ಸ್ವಲ್ಪ ಬೇರೆ. ಅಮೆರಿಕದ ನೌಕಾಪಡೆಯ ಅಣುಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಎಂಬ ಕ್ರಮವಿದೆ. ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಬೇಕಾದದ್ದು, ಈ ನಾಲ್ಕೇ ಮೆಟ್ಟಿಲು. ರಾತ್ರಿ ಡಾಕ್ಟರಿಗೆ ಫೋನು ಮಾಡುವ ನರ್ಸಿಗೆ ಅದು ಚೆನ್ನಾಗಿ ಒದಗುತ್ತದೆ. ಬೇಡಿಕೆ ಕೊನೆಗೆ ಬಂದರೂ ನಡೆಯುತ್ತದೆ, ಏಕೆಂದರೆ ಆ ಡಾಕ್ಟರು ಪೂರ್ತಿ ಕೇಳಲೇಬೇಕಾದವರು. ಸಹಕಾರಿ ಸಂಸ್ಥೆಯ ಸದಸ್ಯರಿಗೆ ಅಂಥ ಬಂಧನವಿಲ್ಲ, ಐದು ಗಂಟೆಯ ಬಸ್ಸು ಇರುತ್ತದೆ.

ಇದು ಆಪ್ತಸಲಹೆಯೋ ತರಬೇತಿಯೋ ಎಂದು ಈ ವೃತ್ತಿಯಲ್ಲಿರುವ ಕೆಲವರು ಕೇಳಿದ್ದಾರೆ. ಇನ್ನೂ ಚುಚ್ಚುವ ಪ್ರಶ್ನೆ ಇನ್ನೊಂದು: ಮೂರು ವರ್ಷ ಕಿವಿಗೊಡದ ಮಂಡಳಿಯನ್ನು ಬಿಟ್ಟು ಕಿರಿಯ ನೌಕರನನ್ನೇ ತಿದ್ದುವುದು ಯಾವ ನ್ಯಾಯ? ಪೂರ್ತಿ ಉತ್ತರ ನನ್ನಲ್ಲಿಲ್ಲ. ಮಂಡಳಿ ನನ್ನ ಕೋಣೆಗೆ ಬರುವುದಿಲ್ಲ, ಬಂದವರು ಗಣಪತಿ. ಅವರು "ನಾನೇ ಸರಿಯಿಲ್ಲ" ಎಂಬ ತೀರ್ಪು ಹೊತ್ತು ಬಂದಿದ್ದರು. "ವಾಕ್ಯಗಳ ಸರದಿ ಸರಿಯಿಲ್ಲ" ಎಂಬುದು ಅದಕ್ಕಿಂತ ತುಂಬ ಚಿಕ್ಕ ದೋಷ, ಒಂದು ವಾರದಲ್ಲಿ ತಿದ್ದಬಹುದಾದ್ದು. ಪದ್ಯ ಹೇಳಿ, ಸಂಖ್ಯೆ ಕೊಟ್ಟು, ಏಳರವರೆಗೆ ಎಣಿಸಿದ ಮೇಲೂ "ನೋಡ್ವ" ಎಂದೇ ಬಂದರೆ, ಆಗ ತಪ್ಪು ತನ್ನದಲ್ಲ ಎಂದು ಅವರಿಗೇ ಗೊತ್ತಾಗುತ್ತದೆ. ಬೇರೆ ಕೆಲಸ ಹುಡುಕುವ ಮಾತು ಆಡಲು ಅದು ಸರಿಯಾದ ಹೊತ್ತು. ಅವರಿಗೂ ಹಾಗೆಯೇ ಹೇಳಿದ್ದೆ.

ಸಭೆಯಲ್ಲಿ ಪದ್ಯ ಮುಗಿದು ಐದು ಎಣಿಸುವಷ್ಟರಲ್ಲಿ ಒಬ್ಬ ಸದಸ್ಯರು "ದಾರಿ ಇಕ್ಕಟ್ಟಾಗ್ತದಲ್ಲ" ಎಂದರಂತೆ. ಗಣಪತಿ ಆ ಆಕ್ಷೇಪವನ್ನು ತಾನೇ ಒಮ್ಮೆ ಹೇಳಿ, ಮುಕ್ಕಾದಮರ ಹೆಸರು ಹೇಳಿ, ತಕ್ಕಡಿಯ ಜಾಗ ತೋರಿಸಿದರು. ಒಂದು ಸಾಲಿಗೆ ಒಪ್ಪಿಗೆ ಸಿಕ್ಕಿತು. ಆಳಿನ ಖರ್ಚು ಸಂಸ್ಥೆಯದು. ದಬ್ಬೆಯ ಮಾತೇ ಬರಲಿಲ್ಲ, ಪದ್ಯದಲ್ಲಿ ಅದರ ಖರ್ಚು ಬಿಟ್ಟುಹೋಗಿತ್ತು, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಪರಿಚಯದವರ ತೋಟದಲ್ಲಿ ದಬ್ಬೆ ಬಿಟ್ಟಿ ಸಿಕ್ಕಿತಾದರೂ ಟೆಂಪೋ ಬಾಡಿಗೆಯನ್ನು ಕೈಯಿಂದ ಕೊಟ್ಟರು. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಸಾಲು ಸರಿದಿತ್ತು.

ಕೊನೆಯ ಭೇಟಿಯಲ್ಲಿ ಪ್ರಶ್ನಾವಳಿಯ ಅಂಕ 3. ಬಾಡಿಗೆಯ ದುಡ್ಡು ಯಾಕೆ ಕೇಳಲಿಲ್ಲ ಎಂದು ನಾನು ಕೇಳಿದೆ. ಸಣ್ಣ ಮೊತ್ತ ಎಂದರು. ಅಲ್ಲೇ ಬರೆಯಿರಿ ಎಂದು ಕಾಗದ ಕೊಟ್ಟೆ. ಎರಡು ಸಾಲು ಬರೆದರು: ದಬ್ಬೆ ಸಾಗಿಸಿದ ಟೆಂಪೋ ಬಾಡಿಗೆ ಇಷ್ಟು, ರಸೀದಿ ಲಗತ್ತಿಸಿದೆ, ಈ ತಿಂಗಳ ಸಂಬಳದ ಜೊತೆ ಕೊಡಬೇಕು. ಪೆನ್ನು ಎತ್ತಿದರು, ಮತ್ತೆ ಇಳಿಸಿ "ಆಗದಿದ್ದರೂ" ಎಂದು ಮೂರನೆಯ ಸಾಲು ಶುರು ಮಾಡಿದರು. ಆ ಪದವನ್ನೇ ಸ್ವಲ್ಪ ಹೊತ್ತು ನೋಡಿದರು. ನಕ್ಕು, ಹೊಡೆದುಹಾಕಿ, ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡರು.