ಮುಖ ನೋಡಬೇಡಿ, ಚೀಲ ಕೆಳಗಿಡಬೇಡಿ

ಕೆಲಸಕ್ಕೆ ಅಂತ ಮೊದಲ ಸಲ ಬೆಂಗಳೂರಿಗೆ ಹೊರಟಿದ್ದೀರಿ. ಅನುಮಾನ ಬರುವಂಥ ಜನರನ್ನು ದೂರದಿಂದಲೇ ಗುರುತಿಸುವುದು ಹೇಗೆ, ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲಾ, ಕರಾಟೆ ಸೇರಲಾ ಅಂತ ಕೇಳಿದ್ದೀರಿ. ಮುಖ ನೋಡಿ ಕಳ್ಳನನ್ನು ಹಿಡಿಯಬಲ್ಲೆ ಅಂದುಕೊಂಡವನೇ ನಾನೂ. ಅದಕ್ಕೆ ತೆತ್ತದ್ದು ಒಂದೂವರೆ ಲಕ್ಷ ರೂಪಾಯಿ.

2019ರ ಬೇಸಿಗೆ. ನಮ್ಮೂರು ಗುಬ್ಬಿಯ ಹತ್ತಿರ. ಮನೆಗೆ ಮೋಲ್ಡ್ ಹಾಕಿಸಬೇಕಿತ್ತು. ಮೇಸ್ತ್ರಿ ನಗದು ಬಿಟ್ಟು ಬೇರೇನೂ ಮುಟ್ಟುವವನಲ್ಲ. ತುಮಕೂರಿನ ಬಿ.ಎಚ್. ರಸ್ತೆಯ ಬ್ಯಾಂಕೊಂದರಲ್ಲಿ 500ರ ಮೂರು ಕಟ್ಟು ತೆಗೆದೆ. ಮೆಷಿನ್ ಎಣಿಸಿದ್ದು ಸಾಲದು ಅಂತ ಚಲನ್ ಬರೆಯುವ ಮೇಜಿನ ಮೇಲೆ ಇಟ್ಟು ನಾನೂ ಒಂದು ಸಲ ಎಣಿಸಿದೆ. ಚೀಲಕ್ಕೆ ಹಾಕಿ, ಜಿಪ್ ಎಳೆದು, ಪಟ್ಟಿಯನ್ನು ಅಡ್ಡಡ್ಡ ಹಾಕಿಕೊಂಡು, ಚೀಲವನ್ನು ಹೊಟ್ಟೆಯ ಮುಂದಕ್ಕೆ ತಂದುಕೊಂಡು ಹೊರಬಿದ್ದೆ.

ಎಚ್ಚರ ಇರಲಿಲ್ಲ ಅಂದುಕೊಳ್ಳಬೇಡಿ, ಜಾಸ್ತಿಯೇ ಇತ್ತು. ಬಾಗಿಲ ಬಳಿ ಕೂದಲು ಕೆದರಿಕೊಂಡ ಹುಡುಗನೊಬ್ಬ ಬೈಕ್ ಮೇಲೆ ಕೂತಿದ್ದ. ಅವನನ್ನು ದುರುಗುಟ್ಟಿಕೊಂಡೇ ಮುಂದೆ ಹೋದೆ. ರಸ್ತೆ ದಾಟಿದ ಮೇಲೂ ತಿರುಗಿ ನೋಡಿದೆ. ಪಾಪ, ಅವನ ಪಾಡಿಗೆ ಅವನು ಯಾರಿಗೋ ಕಾಯುತ್ತಿದ್ದ.

ಬಸ್ ಸ್ಟ್ಯಾಂಡ್ ಕಡೆ ಅರ್ಧ ದಾರಿ ಬಂದಿದ್ದೆ. "ಏನಪ್ಪಾ, ಬೆನ್ನೆಲ್ಲ ಗಲೀಜು ಮಾಡ್ಕೊಂಡಿದ್ದೀಯಲ್ಲ" ಅಂತ ಹಿಂದಿನಿಂದ ದನಿ. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ನಮ್ಮ ಚಿಕ್ಕಪ್ಪನ ವಯಸ್ಸು. ಕೈಯಲ್ಲಿ ನೀರಿನ ಬಾಟಲಿ. ಬೆನ್ನಿಗೆ ಕೈ ಹಾಕಿ ನೋಡಿದೆ, ಕಂದು ಬಣ್ಣದ್ದೇನೋ ಅಂಟಿತ್ತು. "ಯಾವನೋ ಮೇಲಿಂದ ಎಸೆದಿರಬೇಕು, ಬಾ ತೊಳ್ಕೋ, ನೀರು ಹಾಕ್ತೀನಿ" ಅಂದರು. "ಪಟ್ಟಿಗೂ ಮೆತ್ತಿದೆ ನೋಡು, ತೆಗಿ ಅದನ್ನ."

ಮುಂದಿನ ಅರ್ಧ ನಿಮಿಷವನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾಗಬೇಡಿ. ಅವರು ಮೆತ್ತಿದ್ದು ಬರೀ ಅಂಗಿಗಲ್ಲ, ಬೆನ್ನ ಮೇಲೆ ಹಾದುಹೋಗುವ ಚೀಲದ ಪಟ್ಟಿಗೆ. ಬೇಕು ಅಂತಲೇ. ಅಂಗಿಗೆ ಮಾತ್ರ ಆಗಿದ್ದರೆ ಚೀಲ ತೆಗೆಯದೆ ಒರೆಸಿಕೊಳ್ಳುತ್ತಿದ್ದೆ. ಪಟ್ಟಿಗೆ ಆದರೆ ಅದನ್ನು ತಲೆಯ ಮೇಲಿಂದ ಕಳಚಲೇಬೇಕು. ಕಳಚಿದೆ. ಬಾಗಿಲು ಹಾಕಿದ್ದ ಅಂಗಡಿಯೊಂದರ ಕಟ್ಟೆಯ ಮೇಲೆ, ನನ್ನ ಮೊಣಕಾಲಿಗೆ ತಾಗುವ ಹಾಗೆ ಇಟ್ಟೆ. ತಾಗುತ್ತಿದೆಯಲ್ಲ ಅಂತ ಧೈರ್ಯ. ಆದರೆ ಬೆನ್ನಿಗೆ ನೀರು ಹಾಕಿಸಿಕೊಳ್ಳುವವನು ಬಗ್ಗಬೇಕು. ಬಗ್ಗಿದವನಿಗೆ ಕಾಣುವುದು ಅವನ ಚಪ್ಪಲಿ ಮಾತ್ರ. ತಣ್ಣಗೆ ನೀರು ಬಿದ್ದಾಗ ಒಂದು ಹೆಜ್ಜೆ ಸರಿದೆ, ಅಲ್ಲಿಗೆ ಮೊಣಕಾಲಿನ ಕಾವಲೂ ಹೋಯಿತು. ಅದೇ ಹೊತ್ತಿಗೆ ಇನ್ನೊಬ್ಬ ಬಂದು "ಕುಣಿಗಲ್ ಬಸ್ ಎಲ್ಲಿ ನಿಲ್ಲುತ್ತೆ?" ಅಂದ. ತಲೆ ಎತ್ತಿ ಕೈ ತೋರಿಸಿದೆ. ತಿರುಗಿದರೆ ಕಟ್ಟೆ ಖಾಲಿ. ಕೂಗಿಕೊಂಡು ಸುತ್ತ ನೋಡುವಷ್ಟರಲ್ಲಿ ಪಂಚೆಯವರೂ ಇಲ್ಲ, ಕುಣಿಗಲ್‌ನವನೂ ಇಲ್ಲ.

ಒಬ್ಬನೇ ಹೋಗಿದ್ದು ತಪ್ಪು, ಮೇಜಿನ ಮೇಲೆ ಎಣಿಸಿದ್ದು ತಪ್ಪು ಅಂತ ಮನೆಯಲ್ಲಿ ಎಲ್ಲರೂ ಅಂದರು. ಇರಬಹುದು. ಆದರೆ ಅದಷ್ಟೂ ಆದಮೇಲೂ ದುಡ್ಡು ನನ್ನ ಮೈಮೇಲೇ ಇತ್ತಲ್ಲ. ಹೋಗಿದ್ದು ಪಟ್ಟಿ ಕಳಚಿದಾಗ. ಚೀಲ ಕುತ್ತಿಗೆಗೆ ನೇತುಹಾಕಿಕೊಂಡೇ ತೊಳೆಯಬಹುದಿತ್ತು. ತೊಡೆಗಳ ನಡುವೆ ಇರುಕಿಸಿಕೊಳ್ಳಬಹುದಿತ್ತು. ಎಲ್ಲಕ್ಕಿಂತ ಸುಲಭ, ಗಲೀಜು ಅಂಗಿಯಲ್ಲೇ ಬಸ್ ಹತ್ತಿ ಮನೆಗೆ ಹೋಗಬಹುದಿತ್ತು. ಯಾರು ನೋಡಬೇಕಿತ್ತು ನನ್ನ ಬೆನ್ನನ್ನ?

ಸ್ಟೇಷನ್‌ನಲ್ಲಿ ಒಬ್ಬರು ಅಂಗಿ ಮೂಸಿ "ಬಿಸ್ಕತ್ ಕಣ್ರೀ, ನೀರಲ್ಲಿ ಕಲಸಿರೋದು" ಅಂದರು. ಬ್ಯಾಂಕಿನ ಸಿಸಿಟಿವಿಯಲ್ಲಿ ನಾನು ಎಣಿಸುತ್ತಿರುವಾಗ ಪಕ್ಕದಲ್ಲೇ ಒಬ್ಬ ಚಲನ್ ಬರೆಯುತ್ತಿದ್ದ. ಬರೆದ, ಹರಿದ, ಜೇಬಿಗೆ ಹಾಕಿಕೊಂಡ, ನಾನು ಹೊರಟ ತಕ್ಷಣ ಹೊರಟ. ಕೌಂಟರ್ ಕಡೆ ಹೋಗಲೇ ಇಲ್ಲ. ಇಸ್ತ್ರಿ ಮಾಡಿದ ಅಂಗಿ, ಕನ್ನಡಕ, ಯಾವುದೋ ಆಫೀಸಿನ ಗುಮಾಸ್ತರ ಹಾಗಿದ್ದ. ಆಗಿನ ಐಪಿಸಿ 379ರಲ್ಲಿ, ಅಂದರೆ ಕಳವಿನ ಕಲಮಿನಲ್ಲಿ, ಎಫ್‌ಐಆರ್ ಆಯಿತು. ದುಡ್ಡು ಬರಲಿಲ್ಲ. ಮೋಲ್ಡ್ ಮುಂದಿನ ವರ್ಷ ಸಾಲ ಮಾಡಿ ಹಾಕಿಸಿದೆ.

ಈಗ ನಿಮ್ಮ ಪ್ರಶ್ನೆಗೆ. ಅನುಮಾನದ ಜನರನ್ನು ಗುರುತಿಸುವ ಯೋಚನೆಯನ್ನೇ ಬಿಡಿ. ನಮಗೆ ಅನುಮಾನ ಬರುವುದು ಬಡವರ ಮೇಲೆ, ಕೂದಲು ಬಿಟ್ಟ ಹುಡುಗರ ಮೇಲೆ, ಬೇರೆ ಭಾಷೆಯವರ ಮೇಲೆ. ಈ ಕೆಲಸ ಮಾಡುವವರಿಗೆ ಅದು ಚೆನ್ನಾಗಿ ಗೊತ್ತು, ಅದಕ್ಕೇ ನಮ್ಮ ಚಿಕ್ಕಪ್ಪನ ಹಾಗೆ ಬರುತ್ತಾರೆ. ಪೆಪ್ಪರ್ ಸ್ಪ್ರೇ ನನ್ನ ಜೇಬಲ್ಲಿದ್ದರೂ ಯಾರ ಮೇಲೆ ಹೊಡೆಯುತ್ತಿದ್ದೆ, ನೀರು ಹಾಕುತ್ತಿದ್ದವರ ಮೇಲಾ? ಕರಾಟೆಯೂ ಅಷ್ಟೇ, ಮೈಗೆ ಒಳ್ಳೆಯದು, ಬೇಕಾದರೆ ಸೇರಿ. ರಾತ್ರಿ ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳ ಲೆಕ್ಕ ಬೇರೆ. ಅದನ್ನು ಅನುಭವಿಸಿದವರೇ ಹೇಳಲಿ, ನಾನು ಬಾಯಿ ಹಾಕಲ್ಲ.

ಗಮನಿಸಬೇಕಾದ್ದು ಏನು ನಡೆಯುತ್ತಿದೆ ಅನ್ನುವುದನ್ನ. ಪೇಪರ್‌ನಲ್ಲಿ 'ಗಮನ ಬೇರೆಡೆ ಸೆಳೆದು ಕಳವು' ಅಂತ ಬರುತ್ತದಲ್ಲ, ಅದೆಲ್ಲ ಶುರುವಾಗುವುದು ಹೀಗೇ. ಗೊತ್ತಿಲ್ಲದವರು ತಾವಾಗಿ ಬಂದು ನಿಮಗೇನೋ ಆಗಿದೆ ಅನ್ನುತ್ತಾರೆ. ಕೆಳಗೆ ಹತ್ತರ ನೋಟು ಚೆಲ್ಲಿ "ಸಾರ್, ನಿಮ್ಮ ದುಡ್ಡು ಬಿದ್ದಿದೆ" ಅನ್ನುತ್ತಾರೆ. ಕಾರಿನವರಿಗಾದರೆ "ಆಯಿಲ್ ಸೋರ್ತಿದೆ", ಸ್ಕೂಟರಿನವರಿಗೆ "ಗಾಳಿ ಹೋಗಿದೆ". ಅವರಿಗೆ ಬೇಕಾದ್ದು ಮೂರು: ನೀವು ನಿಲ್ಲಬೇಕು, ಬಗ್ಗಬೇಕು ಅಥವಾ ಇಳಿಯಬೇಕು, ವಸ್ತುವಿನ ಮೇಲಿಂದ ಕೈ ತೆಗೆಯಬೇಕು.

ನಾನೀಗ ನಿಲ್ಲುವುದೇ ಇಲ್ಲ. ಯಾರೇ ಏನೇ ಅಂದರೂ ಮೊದಲು ಕೈ ಚೀಲಕ್ಕೆ, ಬಾಯಲ್ಲಿ "ಆಗಲಿ, ಆಮೇಲೆ ನೋಡ್ಕೋತೀನಿ", ಕಾಲು ಮುಂದಕ್ಕೆ. ಹತ್ತಿರದ ಮೆಡಿಕಲ್ ಶಾಪೋ ಹೋಟೆಲೋ ನೋಡಿ ಒಳಗೆ ಹೋಗಿ ಅಲ್ಲಿ ನೋಡಿಕೊಳ್ಳುತ್ತೇನೆ. ಗಾಡಿಯಲ್ಲಿದ್ದರೆ ಪೆಟ್ರೋಲ್ ಬಂಕ್‌ವರೆಗೂ ಓಡಿಸುತ್ತೇನೆ. ನಿಜವಾಗಿಯೂ ಸಹಾಯಕ್ಕೆ ಬಂದವರಿಗೆ ಸ್ವಲ್ಪ ಬೇಜಾರಾಗುತ್ತದೆ, ಆಗಲಿ. ಹಳ್ಳಿ ಕಡೆಯಿಂದ ಬಂದ ನಮಗೆ ಇದೇ ಕಷ್ಟ. ದೊಡ್ಡವರು ಕರೆದರೆ ನಿಲ್ಲದೆ ಹೋಗಲು ಕಾಲು ಬರಲ್ಲ. ಅಭ್ಯಾಸ ಮಾಡಿಕೊಳ್ಳಿ.

ನಗದನ್ನಂತೂ ಹೊರಬೇಡಿ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ದುಡ್ಡು ಕಳಿಸುವ ಎನ್‌ಇಎಫ್‌ಟಿ ಈಗ ದಿನದ 24 ಗಂಟೆಯೂ ನಡೆಯುತ್ತದೆ, ಮೇಸ್ತ್ರಿಗಳೂ ಫೋನ್‌ಪೇ ಹಿಡಿದಿದ್ದಾರೆ. ಹಾಗಾಗಿ ಈಗ ಹೋಗುವುದು ಹೆಚ್ಚಾಗಿ ಮೊಬೈಲು. ರಸ್ತೆಯ ಅಂಚಿನಲ್ಲಿ ನಿಂತು ಆಟೋ ಬುಕ್ ಮಾಡಬೇಡಿ, ಎರಡು ಹೆಜ್ಜೆ ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಮಾಡಿ. ಬಸ್ಸಿನ ಬಾಗಿಲಲ್ಲಿ, ಟ್ರೈನಿನ ಕಿಟಕಿಯಲ್ಲಿ ಫೋನ್ ಹಿಡಿಯಬೇಡಿ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನೂಕುನುಗ್ಗಲಲ್ಲಿ ಹಿಂದಿನ ಜೇಬಲ್ಲಿ ಏನೂ ಇರಬಾರದು. ಹಾಡು ಕೇಳಬೇಕಾದರೆ ಸೀಟು ಸಿಕ್ಕಮೇಲೆ ಕೇಳಿ.

ಹೊರಡುವ ಮೊದಲೇ *#06# ಒತ್ತಿ ಬರುವ ಐಎಂಇಐ ನಂಬರನ್ನು, ಅಂದರೆ ನಿಮ್ಮ ಹ್ಯಾಂಡ್‌ಸೆಟ್ಟಿನ ಗುರುತಿನ ನಂಬರನ್ನು, ಮನೆಯಲ್ಲಿ ಒಂದು ಕಡೆ ಬರೆದಿಡಿ. ಫೋನ್ ಹೋದರೆ 112ಕ್ಕೆ ಕರೆ, ಸಿಮ್ ಬ್ಲಾಕ್, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸುವುದು. ದೂರು ಕೊಟ್ಟಮೇಲೆ ಕಳೆದ ಫೋನ್‌ಗಳಿಗೆ ಅಂತಲೇ ಸರ್ಕಾರ ಮಾಡಿರುವ ಸಿಇಐಆರ್ ಪೋರ್ಟಲ್‌ನಲ್ಲಿ ಅದೇ ನಂಬರ್ ಹಾಕಿ ಹ್ಯಾಂಡ್‌ಸೆಟ್ ಬ್ಲಾಕ್ ಮಾಡಿಸಿ. ಖಾತೆಯಿಂದ ದುಡ್ಡೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. "ಇದು ನಮ್ಮ ಸ್ಟೇಷನ್‌ಗೆ ಬರಲ್ಲ" ಅಂತ ಯಾರಾದರೂ ಅಂದರೆ ಝೀರೋ ಎಫ್‌ಐಆರ್ ಮಾಡಿಕೊಡಿ ಅಂತ ಕೇಳಿ, ಯಾವ ಸ್ಟೇಷನ್‌ನಲ್ಲಾದರೂ ಬರೆದುಕೊಳ್ಳಬೇಕು.